ಎಂಟನೇ ನಂಬರಿನ ಅಂಗಿ

ಜೂನ್ ೪

ಗೌರವಾನ್ವಿತ ಮೇಡಂ ಅವರಿಗೆ,

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಐದನೇ ತರಗತಿ ಮುಗಿದ ಮೇಲೆ ಪೆನ್ನು ಹಿಡಿದದ್ದು ಕಡಿಮೆ. ಒತ್ತಕ್ಷರ ಬೇಕಾದ ಕಡೆ ಬರುವುದಿಲ್ಲ, ಬೇಡದ ಕಡೆ ಬಂದು ಕೂರುತ್ತದೆ. ತಪ್ಪಿದ್ದಲ್ಲಿ ನೀವೇ ತಿದ್ದಿ ಓದಿಕೊಳ್ಳಿ.

ನಾನು ಹದಿನೇಳರ ಒಳಗಿನ ಹುಡುಗಿಯರ ರಾಷ್ಟ್ರೀಯ ಫುಟ್‌ಬಾಲ್ ಶಿಬಿರದಲ್ಲಿದ್ದೇನೆ. ತಂಡದಲ್ಲಿ ಇನ್ನೂ ಇಲ್ಲ, ಶಿಬಿರದಲ್ಲಿ ಮಾತ್ರ. ಆಗಸ್ಟಿನಲ್ಲಿ ಒಂದು ಆಯ್ಕೆ ಪಂದ್ಯ ಇದೆ. ಅದಾದ ಮೇಲೆ ಅರ್ಧ ಜನ ಮನೆಗೆ, ಅರ್ಧ ಜನ ಟೂರ್ನಿಯ ವಿಮಾನಕ್ಕೆ.

ಇಲ್ಲೊಂದು ವಾಡಿಕೆ ಇದೆಯಂತೆ. ಬಂದ ದಿನವೇ ಕೋಚ್ ಮೇಡಂ ಎಲ್ಲರ ಫೋನನ್ನೂ ಬೀರುವಿಗೆ ಹಾಕಿ ಬೀಗ ಹಾಕುತ್ತಾರೆ. ಅಭ್ಯಾಸದ ಅಂಗಿ ಕೊಟ್ಟ ಮೇಲೆ, ನಮ್ಮ ದೇಶದ ಮೊಟ್ಟಮೊದಲ ಹುಡುಗಿಯರ ತಂಡದಲ್ಲಿ ಆ ನಂಬರು ತೊಟ್ಟಿದ್ದವರಿಗೆ ನಾವು ಪತ್ರ ಬರೆಯಬೇಕು. ಅವರು ತಮಗೆ ಗೊತ್ತಿರುವುದನ್ನು ಬರೆದು ಕಳಿಸುತ್ತಾರೆ. ನನಗೆ ಎಂಟು ಸಿಕ್ಕಿತು. ಆದ್ದರಿಂದ ನಿಮಗೆ ಈ ತೊಂದರೆ.

ಊಟದ ಕೋಣೆಯ ಗೋಡೆಯಲ್ಲಿ ನಿಮ್ಮ ತಂಡದ ಫೋಟೋ ಇದೆ. ಎಲ್ಲರೂ ಒಂದು ದೊಡ್ಡ ಕಪ್ ಹಿಡಿದು ನಿಂತಿದ್ದೀರಿ. ನಮ್ಮ ಹುಡುಗಿಯರು ಆಣೆ ಹಾಕುವುದಿದ್ದರೂ ಆ ಕಪ್ಪಿನ ಮೇಲೇ ಹಾಕುತ್ತಾರೆ. ಅದರಲ್ಲಿ ನೀವು ಯಾರು? ಆ ಕಪ್ ಗೆದ್ದ ದಿನ ಹೇಗಿತ್ತು?

ನಾನು ಮಾತು ಕಡಿಮೆ. ಇಲ್ಲಿ ನನ್ನನ್ನು ಪಿಸುಮಾತು ಎಂದು ಕರೆಯುತ್ತಾರೆ. ಆಟದ ಬಗ್ಗೆ ಏನಾದರೂ ಹೇಳಿಕೊಟ್ಟರೆ ಉಪಕಾರವಾಗುತ್ತದೆ.

ಇತಿ,
ಎಂಟನೇ ನಂಬರಿನ ಹುಡುಗಿ


ಜೂನ್ ೧೫

ಪಿಸುಮಾತು ತಂಗಿಗೆ,

ನಿನ್ನ ಅಕ್ಷರ ಪರವಾಗಿಲ್ಲ. ಕಾಗದದ ಮೇಲೆ ಈಗ ಬಿದ್ದಿರುವ ಗ್ರೀಸಿನ ಗುರುತು ನನ್ನದು. ಹಾಗಾಗಿ ಲೆಕ್ಕ ಚುಕ್ತಾ.

ನಾನು ಬಸ್ ಡಿಪೋದ ಟೈರ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಿನ್ನ ಪತ್ರ ಡಿಪೋ ವಿಳಾಸಕ್ಕೇ ಬಂತು. ಮೇಸ್ತ್ರಿ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದು, "ಏನಮ್ಮಾ, ಈ ಕಾಲದಲ್ಲಿ ಪೋಸ್ಟಲ್ಲಿ ಕಾಗದ? ಕೋರ್ಟ್ ನೋಟೀಸಾ?" ಅಂದ. "ಅಲ್ಲ ಮೇಸ್ತ್ರಿ, ಕಳೆದುಹೋಗಿದ್ದ ನನ್ನ ನಂಬರು ಸಿಕ್ಕಿದೆಯಂತೆ" ಅಂದೆ. ಅವನಿಗೆ ಅರ್ಥವಾಗಲಿಲ್ಲ. ಇಲ್ಲಿ ಯಾರಿಗೂ ನಾನು ಆಡುತ್ತಿದ್ದದ್ದು ಗೊತ್ತಿಲ್ಲ. ಮನೆಯಲ್ಲಿ ಯಜಮಾನರಿಗೆ ಗೊತ್ತು, ಮಗನಿಗೆ ಹೇಳಿದ್ದೇನೆ, ಅವನು ನಂಬುವುದಿಲ್ಲ.

ಮೇಡಂ ಅನ್ನಬೇಡ. ಮೇಡಂ ಅಂದರೆ ಬೇರೆ ಯಾರೋ ಬಂದರೆಂದು ಹಿಂದೆ ತಿರುಗಿ ನೋಡುತ್ತೇನೆ. ಅಕ್ಕ ಅನ್ನು.

ಫೋಟೋದಲ್ಲಿ ಬಲಗಡೆ ಕೊನೆಯಲ್ಲಿ, ಕಣ್ಣು ಮುಚ್ಚಿಕೊಂಡಿರುವವಳೇ ನಾನು. ಕಪ್ಪಿನ ವಿಷಯ ಇನ್ನೊಂದು ದಿನ ಬರೆಯುತ್ತೇನೆ.

ಆಟಕ್ಕೆ ಬರೋಣ. ಎಂಟನೆಯವಳು ಸೂಜಿ ಇದ್ದ ಹಾಗೆ. ಒಂದೇ ಕಡೆ ನಿಂತರೆ ತುಕ್ಕು ಹಿಡಿಯುತ್ತಾಳೆ. ಚೆಂಡು ಕಾಲಿಗೆ ಬಂದ ಕೂಡಲೇ ಮುಂದೆ ನುಗ್ಗು. ಹಿಂದೆ ಏನಾಗುತ್ತದೆ ಅಂತ ತಿರುಗಿ ನೋಡಬೇಡ, ಅದನ್ನು ನೋಡಿಕೊಳ್ಳಲು ಬೇರೆಯವರಿದ್ದಾರೆ. ಬೈಗುಳ ಬಂದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡು. ನಾನು ಹಾಗೇ ಆಡಿದೆ.

ಹೊಟ್ಟೆ ತುಂಬ ಉಣ್ಣು. ಪತ್ರ ಬರೆ.

ನಿನ್ನ ಹಳೆಯ ಎಂಟು


ಜುಲೈ ೧

ಪ್ರೀತಿಯ ಅಕ್ಕ,

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೆಂದರೆ ಗ್ರೀಸು ನನ್ನ ಬೆರಳಿಗೂ ಹತ್ತಿತು.

ನೀವು ಹೇಳಿದ ಹಾಗೇ ಮಾಡಿದೆ. ಚೆಂಡು ಸಿಕ್ಕಿತು, ನುಗ್ಗಿದೆ, ತಿರುಗಿ ನೋಡಲಿಲ್ಲ. ಕೋಚ್ ಮೇಡಂ ಸೀಟಿ ಊದಿ, "ಏಯ್, ಎಲ್ಲಿಗೆ ಹೊರಟೆ? ಬಸ್ಸು ಹಿಡಿಯೋಕಾ?" ಎಂದು ಕೂಗಿದರು. ನೀವು ಬಸ್ ಡಿಪೋದವರು ಎಂದು ನೆನಪಾಗಿ ನನಗೆ ನಗು ಬಂತು. ನಕ್ಕದ್ದಕ್ಕೆ ಮೈದಾನ ಸುತ್ತಬೇಕಾಯಿತು.

ಸಂಜೆ ಮೇಡಂ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿನ್ನ ಕಾಲು ಚೆನ್ನಾಗಿದೆ ಕಣೇ. ಆದ್ರೆ ಬಾಯಿಗೆ ಬೀಗ ಹಾಕ್ಕೊಂಡು ಆಡೋಳು ನನಗೆ ಬೇಡ. ನೀನು ಎಲ್ಲಿದೀಯ, ಏನು ಮಾಡ್ತೀಯ ಅಂತ ಉಳಿದವರಿಗೆ ಹೇಗೆ ಗೊತ್ತಾಗಬೇಕು? ಆಯ್ಕೆ ಪಂದ್ಯದಲ್ಲಿ ನಿನ್ನ ಗಂಟಲು ನನಗೆ ಈ ತುದೀಲಿ ಕೇಳಿಸಬೇಕು. ಇಲ್ಲಾಂದ್ರೆ ಕಳಿಸಿಬಿಡ್ತೀನಿ. ಬೇಜಾರು ಮಾಡ್ಕೋಬೇಡ" ಅಂದರು.

ನಮ್ಮದು ಇಸ್ತ್ರಿ ಅಂಗಡಿ. ಅಮ್ಮ ಮತ್ತು ನಾನು. ಶಾಲೆ ಬಿಟ್ಟ ಮೇಲೆ ಅಲ್ಲೇ ಬೆಳೆದೆ. ಅಲ್ಲಿ ಮಾತಿನ ಅವಶ್ಯಕತೆ ಇಲ್ಲ. ಗಿರಾಕಿ ಬಟ್ಟೆ ಇಡುತ್ತಾರೆ, ನಾವು ಮಡಚಿ ಕೊಡುತ್ತೇವೆ. ಹತ್ತಿರದ ಒಂದು ಫುಟ್‌ಬಾಲ್ ಕ್ಲಬ್ಬಿನ ಅಂಗಿಗಳೂ ನಮ್ಮಲ್ಲಿಗೇ ಬರುತ್ತಿದ್ದವು. ಒಂದು ದಿನ ಅಂಗಿ ಕೊಡಲು ಹೋದವಳು ಆಡಿ ಬಂದೆ. ಹಾಗೆ ಶುರುವಾಯಿತು. ಇಸ್ತ್ರಿ ಕೆಲಸದ ಮೇಲೆ ನನಗೆ ಬೇಸರ ಇಲ್ಲ. ಆದರೆ ಇಲ್ಲೇ ಇರಬೇಕು ಎಂದು ತುಂಬ ಆಸೆ ಅಕ್ಕ. ಇಷ್ಟು ಆಸೆ ಯಾವುದರ ಮೇಲೂ ಪಟ್ಟಿಲ್ಲ.

ಭಾನುವಾರ ಮಾತ್ರ ಸ್ವಲ್ಪ ಹೊತ್ತು ಫೋನು ಕೈಗೆ ಕೊಡುತ್ತಾರೆ. ಆಗ ಅಮ್ಮ, "ಎಲ್ಲ ಸರಿ ಇದೆಯೇನೇ?" ಎಂದು ಕೇಳಿದಳು. "ಹೂಂ" ಅಂದೆ. ಅಷ್ಟೇ ಹೇಳಿದೆ.

ಕೂಗುವುದು ಹೇಗೆ?

ಹೊಸ ಎಂಟು


ಜುಲೈ ೧೦

ತಂಗಿ,

ನಿನ್ನ ಕೋಚಿಗೆ ಏನಾಗಿದೆ? ಎಂಟನೆಯವಳು ಮುಂದೆ ಹೋಗದೆ ಇನ್ನೆಲ್ಲಿಗೆ ಹೋಗಬೇಕಂತೆ? ಇರಲಿ, ದೊಡ್ಡವರು. ನೀನು ಮಾತ್ರ ಬಿಡಬೇಡ, ನುಗ್ಗುತ್ತಿರು.

ಆದರೆ ಗಂಟಲಿನ ವಿಷಯದಲ್ಲಿ ಅವರ ಮಾತೇ ಸರಿ. ನಮ್ಮ ಡಿಪೋದಲ್ಲಿ ನಾಲ್ಕು ಇಂಜಿನ್ ಒಟ್ಟಿಗೆ ಗುಡುಗುತ್ತಿರುತ್ತವೆ. ಜಾಕ್ ಕೊಟ್ಟು ಎತ್ತಿದ ಬಸ್ಸಿನ ಕೆಳಗೆ ಹುಡುಗ ಮಲಗಿರುತ್ತಾನೆ. ಅವನ ಹೆಸರು ಹಿಡಿದು ಕೂಗಿದರೆ ಏನು ಮಾಡುತ್ತಾನೆ ಹೇಳು? "ಏನಕ್ಕಾ?" ಅಂತ ತಲೆ ಎತ್ತುತ್ತಾನೆ. ಹಣೆಗೆ ಬಡಿಸಿಕೊಳ್ಳುತ್ತಾನೆ. ಅದಕ್ಕೇ ನಾವು ಹೆಸರು ಕೂಗುವುದಿಲ್ಲ, ಕೆಲಸ ಕೂಗುತ್ತೇವೆ. "ಇಳಿಸು!" "ಸರಿ!" "ತಳ್ಳು!" ಮೈದಾನದಲ್ಲೂ ಅಷ್ಟೇ. ಹೆಸರು ಕೂಗಿದರೆ ಅವಳು ನಿನ್ನ ಮುಖ ನೋಡುತ್ತಾಳೆ, ಅಷ್ಟರಲ್ಲಿ ಚೆಂಡು ಊರು ಬಿಟ್ಟಿರುತ್ತದೆ. ಏನು ಮಾಡಬೇಕೋ ಅದನ್ನೇ ಕೂಗು. ಒಂದು ಮಾತು, ಹೆಚ್ಚೆಂದರೆ ಎರಡು. ಅದಕ್ಕೆ ಮಾತುಗಾರಿಕೆ ಬೇಕಿಲ್ಲ, ನಾಚಿಕೆಗೂ ಅಷ್ಟು ಹೊತ್ತು ಇರುವುದಿಲ್ಲ.

ಮೊದಲು ಗದ್ದಲ ಇರುವ ಕಡೆ ಹೋಗಿ ಕೂಗಿ ಅಭ್ಯಾಸ ಮಾಡು. ನಿನ್ನ ದನಿ ನಿನಗೇ ಕೇಳಿಸದ ಜಾಗದಲ್ಲಿ ಯಾರೂ ನಾಚುವುದಿಲ್ಲ.

ಯಜಮಾನರು ಟೈಲರು. ಈ ಪತ್ರ ಓದಿ, "ಪಾಪ, ಆ ಮಗುವನ್ನೂ ನಿನ್ನ ಹಾಗೆ ಬಾಯಿಬಡುಕಿ ಮಾಡ್ತಿದೀಯ" ಅಂದರು. "ಕಾಜ ಹೊಲೀರಿ ಸುಮ್ನೆ" ಅಂದೆ. ಹೊಲಿದರು.

ಹಳೆಯ ಎಂಟು


ಜುಲೈ ೧೯

ಅಕ್ಕ,

ಇಲ್ಲಿ ನೀರೆತ್ತುವ ಪಂಪಿನ ಮನೆ ಇದೆ. ಪಂಪು ಹಾಕಿದಾಗ ಅದರ ಬಾಗಿಲಲ್ಲಿ ನಿಂತು "ಬಿಡು", "ತಳ್ಳು" ಎಂದು ಕೂಗುತ್ತಿದ್ದೇನೆ. ಪಂಪಿನವರು ಮೊದಲ ದಿನ ಹೆದರಿ ಸ್ವಿಚ್ಚನ್ನೇ ಆರಿಸಿಬಿಟ್ಟರು.

ಆದರೆ ಮೈದಾನದಲ್ಲಿ ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತದೆ. ನಿನ್ನೆ ಒಂದು ಕಾಲೇಜಿನ ಹುಡುಗರ ಮೇಲೆ ಅಭ್ಯಾಸ ಪಂದ್ಯ ಇತ್ತು. ಆರು ಗೋಲು ತಿಂದೆವು. ಅದರಲ್ಲಿ ಹೆಚ್ಚಿನವು ನನ್ನ ಕಡೆಯಿಂದಲೇ ಹೋದವು. ನಾನು ಎಡಗಡೆ ಹಿಂದೆ ನಿಂತು ಎದುರಾಳಿಗಳನ್ನು ತಡೆಯುವವಳಲ್ಲವೇ, ಲೆಫ್ಟ್ ಬ್ಯಾಕ್. ನೀವು ಹೇಳಿದ ಹಾಗೆ ಮುಂದೆ ನುಗ್ಗುತ್ತಿದ್ದೆ. ನಾನು ಬಿಟ್ಟುಹೋದ ಜಾಗದಲ್ಲಿ ಅವರು ಆರಾಮವಾಗಿ ನಡೆದುಕೊಂಡು ಬಂದರು. ನಿಮ್ಮ ಕಾಲದಲ್ಲಿ ಲೆಫ್ಟ್ ಬ್ಯಾಕ್ ಮುಂದೆ ಹೋದಾಗ ಆ ಜಾಗವನ್ನು ಯಾರು ಕಾಯುತ್ತಿದ್ದರು? ಅದನ್ನು ನೀವು ಬರೆಯಲಿಲ್ಲ.

ನಮ್ಮ ಗೋಲ್‌ಕೀಪರ್ ಹುಡುಗಿಯನ್ನು ಎಲ್ಲರೂ ಗೋಡೆ ಎನ್ನುತ್ತಾರೆ. ಅವಳು ನಿನ್ನೆ ಊಟದ ಕೋಣೆಯಲ್ಲಿ ನಿಮ್ಮ ಫೋಟೋಗೆ ಬೆನ್ನು ಹಾಕಿ ಕೂತಳು. "ಕಪ್ ಗೆದ್ದೋರ ಮುಖ ಹೇಗೆ ನೋಡೋದು" ಎಂದು ಅತ್ತಳು. ಎಲ್ಲರೂ ಅತ್ತರು. ನಾನು ತಟ್ಟೆ ತೊಳೆಯಲು ಎದ್ದುಹೋದೆ.

ನಿಮ್ಮ ತಂಗಿ


ಜುಲೈ ೨೭

ಅಯ್ಯೋ ತಂಗಿ!

ನೀನು ಲೆಫ್ಟ್ ಬ್ಯಾಕಾ? ಮೊದಲೇ ಹೇಳಬಾರದಿತ್ತೇ?

ನಮ್ಮ ಕಾಲದಲ್ಲಿ ಜಾಗ ನೋಡಿ ನಂಬರು ಕೊಡುತ್ತಿದ್ದರು. ಎಂಟು ಅಂದರೆ ಮೈದಾನದ ನಡುವೆ ಆಡುವವಳು. ನಾನು ಅಲ್ಲೇ ಆಡಿದ್ದು. ಎಡಗಡೆ ಹಿಂದೆ ಕಾಯುವವಳು ಮೂರು. ನಿನಗೆ ಯಾರು ಎಂಟು ಕೊಟ್ಟರು? ನಾನು ಅಡುಗೆಯವನಿಗೆ ಟೈರ್ ಬಿಚ್ಚುವುದನ್ನು ಕಲಿಸಿದ ಹಾಗಾಯಿತು. ನಿನ್ನ ಕೋಚನ್ನು ಬೇರೆ ಬೈದೆನಲ್ಲ. ಅವರ ಬಳಿ ನನ್ನ ಪರವಾಗಿ ಮನಸ್ಸಿನಲ್ಲೇ ಕೈ ಮುಗಿ.

ಮುಂದೆ ನುಗ್ಗು ಅಂದದ್ದನ್ನು ಸದ್ಯಕ್ಕೆ ಬಿಡು. ಕೂಗುವುದನ್ನು ಬಿಡಬೇಡ. ಸ್ವಲ್ಪ ದಿನ ತಾಳು.

ಇನ್ನು ಆ ಕಪ್ಪು. ಗೋಡೆಗೆ ಹೇಳು, ಅಳುವುದು ಬೇಡ. ನಾವು ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಒಂದೇ ಒಂದು ಗೋಲು ಹೊಡೆದೆವು, ಅದೂ ಎದುರಿನವಳ ಮೊಣಕಾಲಿಗೆ ತಾಗಿ ಒಳಗೆ ಹೋದದ್ದು. ಆ ಕಪ್ಪನ್ನು ಕೊಟ್ಟದ್ದು ಒಳ್ಳೆಯ ನಡತೆಗೆ. ಇಡೀ ಟೂರ್ನಿಯಲ್ಲಿ ನಮ್ಮ ಮೇಲೆ ಒಂದು ತಪ್ಪೂ ಬರಲಿಲ್ಲ. ಹೇಗೆ ಬರುತ್ತದೆ? ಎದುರಾಳಿಯ ಹತ್ತಿರ ಹೋದರೆ ತಾನೇ ತಪ್ಪು ಮಾಡುವುದು! ಅವರು ಓಡುತ್ತಿದ್ದರು, ನಾವು ನೋಡುತ್ತಿದ್ದೆವು.

ಮೊದಲೇ ಹೇಳಬೇಕಿತ್ತು. ನೀನು ಆ ಕಪ್ಪನ್ನು ಅಷ್ಟು ದೊಡ್ಡದು ಅಂದುಕೊಂಡು ಬರೆದಿದ್ದೆ. ಓದಲು ಸುಖವಾಗಿತ್ತು, ಸುಮ್ಮನಿದ್ದೆ.

ಹಳೆಯ ಎಂಟು


ಆಗಸ್ಟ್ ೯

ಅಕ್ಕ,

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ಆಮೇಲೆ ಇನ್ನೊಂದು ಬರಲಿಲ್ಲ. ನಾನು ನಿಮ್ಮ ನಿಜವಾದ ಎಂಟು ಅಲ್ಲ ಎಂದು ಬೇಸರವಾಯಿತೇ?

ಅಂಗಿ ಕೊಡುವ ಅಜ್ಜನನ್ನು ಕೇಳಿದೆ, ನನಗೆ ಎಂಟು ಯಾಕೆ ಎಂದು. "ನಂಬರು ಯಾರು ನೋಡ್ತಾರಮ್ಮಾ, ಭುಜ ನೋಡಿ ಕೊಡೋದು. ಸಣ್ಣ ಸೈಜಲ್ಲಿ ಉಳಿದಿದ್ದು ಅದೊಂದೇ" ಅಂದರು. ಅಭ್ಯಾಸದ ಅಂಗಿ ಎಲ್ಲರಿಗೂ ಹಾಗೇ ಕೊಟ್ಟದ್ದಂತೆ. ಗೋಡೆ ಯಾರಿಗೆ ಬರೆದಿದ್ದಾಳೆ ಗೊತ್ತೇ? ನಿಮ್ಮ ತಂಡದಲ್ಲಿ ಗೋಲು ಹೊಡೆಯಲು ಮುಂದೆ ಇದ್ದವರಿಗೆ. ಅವರು ಇವಳಿಗೆ ಇಷ್ಟು ದಿನವೂ ಗೋಲು ಹೊಡೆಯುವುದನ್ನೇ ಹೇಳಿಕೊಡುತ್ತಿದ್ದಾರೆ.

ಕಪ್ಪಿನ ಕಥೆಯನ್ನು ಗೋಡೆಗೆ ಮಾತ್ರ ಹೇಳಿದೆ. ಅವಳು ಎಲ್ಲರಿಗೂ ಹೇಳಿದಳು. ನಕ್ಕು ನಕ್ಕು ಒಬ್ಬಳು ಮಂಚದಿಂದ ಬಿದ್ದಳು. ಅವತ್ತಿನಿಂದ ಶಿಬಿರ ಹಗುರವಾಗಿದೆ. ಯಾರಾದರೂ ಕಾಲಡ್ಡ ಕೊಟ್ಟರೆ, "ಕಪ್ ಹೋಯ್ತು, ಕಪ್ ಹೋಯ್ತು" ಎನ್ನುತ್ತಾರೆ. ಫೋಟೋದ ಗಾಜನ್ನು ಯಾರೋ ಒರೆಸಿಟ್ಟಿದ್ದಾರೆ.

ಈ ಶನಿವಾರ ಆಯ್ಕೆ ಪಂದ್ಯ. ಮೈದಾನದಲ್ಲಿ ನಾನು ಇನ್ನೂ ಒಂದು ಸಲವೂ ಕೂಗಿಲ್ಲ. ನೀವು ತಾಳು ಅಂದಿರಿ, ತಾಳಿದ್ದೇನೆ. ಬೇಸರ ಇದ್ದರೂ ಒಂದು ಸಾಲು ಬರೆಯಿರಿ.


ಆಗಸ್ಟ್ ೧೩

ಹುಚ್ಚು ಹುಡುಗಿ,

ಬೇಸರವಂತೆ ಬೇಸರ! ನಿನಗೋಸ್ಕರ ನಾನು ಮೂರನ್ನು ಹುಡುಕುತ್ತಿದ್ದೆ.

ನಮ್ಮ ಮೂರನ್ನು ಗೂಟ ಎಂದು ಕರೆಯುತ್ತಿದ್ದೆವು. ನಿಲ್ಲಿಸಿದ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಆ ಟೂರ್ನಿ ಆದಮೇಲೆ ನಾನು ಅವಳನ್ನು ನೋಡಿರಲಿಲ್ಲ. ಅವರನ್ನು ಇವರನ್ನು ಕೇಳಿ, ಅವಳು ಒಂದು ಹೆರಿಗೆ ಆಸ್ಪತ್ರೆಯಲ್ಲಿ ದಾದಿ ಎಂದು ತಿಳಿಯಿತು. ಡಿಪೋದ ಪಾಸ್ ಇದೆಯಲ್ಲ, ರಜೆ ಹಾಕಿ ಬಸ್ಸು ಹತ್ತಿದೆ. ವಾರ್ಡಿನ ಬಾಗಿಲಲ್ಲಿ ಅಡ್ಡ ನಿಂತಿದ್ದಳು, ಥೇಟ್ ಗೋಲಿನ ಮುಂದೆ ನಿಂತ ಹಾಗೆ.

"ಯಾರು ಬೇಕಿತ್ತು? ಈಗ ಒಳಗೆ ಬಿಡಲ್ಲ" ಅಂದಳು.

"ಮೂರು ಬೇಕಿತ್ತು" ಅಂದೆ.

ಕನ್ನಡಕ ಮೇಲೆತ್ತಿ ನೋಡಿದಳು. "ಎಂಟೂ! ಏನೇ ಇದು, ಇಷ್ಟು ದಪ್ಪ ಆಗಿದೀಯ!"

"ನೀನೇನು ಕಡಿಮೆ? ಗೂಟ ಹೋಗಿ ಕಂಬ ಆಗಿದೀಯ."

ಹೆತ್ತವರಿಗಿಂತ ನಾವಿಬ್ಬರೇ ಜೋರಾಗಿ ಅರಚಿದೆವು ಎಂದು ಡಾಕ್ಟರು ಹೊರಗೆ ಕಳಿಸಿದರು. ಮೆಟ್ಟಿಲ ಮೇಲೆ ಕೂತು ನಿನ್ನ ಕಥೆ ಹೇಳಿದೆ. ಅವಳಿಂದ ಹಿಡಿ ಉಪಾಯ ಕಟ್ಟಿಕೊಂಡು ಬರೋಣ ಎಂದುಕೊಂಡಿದ್ದೆ. "ಗೂಟದ ಹಾಗೆ ನಿಲ್ಲು ಅಂತ ಬರೀಲಾ?" ಎಂದು ಕೇಳಿದೆ.

ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. ಆಮೇಲೆ, "ನಾನು ನಿಂತಿದ್ದು ನಿಲ್ಲೋದು ಇಷ್ಟ ಅಂತ ಅಲ್ಲ ಕಣೇ. ನೀನು ಮುಂದೆ ಮುಂದೆ ಓಡ್ತಿದ್ದೆ, ಬಿಟ್ಟ ಜಾಗ ಕಾಯೋಕೆ ಒಬ್ಬರು ಬೇಕಲ್ಲ. ಎದುರಿಗೆ ಖಾಲಿ ಮೈದಾನ ಕಂಡಾಗೆಲ್ಲ ಕಾಲು ತುರಿಸೋದು. 'ನೀನು ಹೋಗು, ನಾನು ನಿಲ್ತೀನಿ' ಅಂತ ನೀನೂ ಹೇಳಲಿಲ್ಲ, 'ನಿಲ್ಲೇ, ನಾನು ಹೋಗ್ತೀನಿ' ಅಂತ ನಾನೂ ಕೇಳಲಿಲ್ಲ" ಅಂದಳು.

ಇಷ್ಟು ವರ್ಷ ನಾನು ಅವಳಿಗೆ ಓಡಲು ಬರುವುದಿಲ್ಲ ಎಂದುಕೊಂಡಿದ್ದೆ, ತಂಗಿ.

ಅವಳು ನಿನಗೆ ಹೇಳಿ ಕಳಿಸಿದ್ದು ಇದು: ಮೂರನೆಯವಳೂ ಮುಂದೆ ಹೋಗಬಹುದು. ಹೋಗುವ ಮುಂಚೆ ತನ್ನ ಜಾಗದಲ್ಲಿ ಒಬ್ಬರನ್ನು ನಿಲ್ಲಿಸಿ ಹೋಗಬೇಕು. ಸುಮ್ಮನೆ ಹೋಗಬಾರದು, ಹೇಳಿ ಹೋಗಬೇಕು.

ನಾಳೆಯೇ ನಿನ್ನ ಪಂದ್ಯ. ಈ ಪತ್ರ ಆ ಹೊತ್ತಿಗೆ ಸಿಕ್ಕುವುದಿಲ್ಲ ಎಂದು ಗೊತ್ತು. ಆದರೂ ಬರೆಯದೆ ಇರಲಾಗಲಿಲ್ಲ.

ಹಳೆಯ ಎಂಟು


ಆಗಸ್ಟ್ ೨೪

ಪ್ರೀತಿಯ ಎಂಟು ಅಕ್ಕನಿಗೆ ಮತ್ತು ಮೂರು ಅಕ್ಕನಿಗೆ,

ಒಂದೇ ಕಾಗದದಲ್ಲಿ ಇಬ್ಬರಿಗೂ ಬರೆಯುತ್ತಿದ್ದೇನೆ. ಎಂಟು ಅಕ್ಕ ಓದಿದ ಮೇಲೆ ಆಸ್ಪತ್ರೆಗೆ ಕಳಿಸಿಕೊಡಬೇಕು.

ನಿಮ್ಮ ಪತ್ರ ಪಂದ್ಯ ಮುಗಿದ ಮೇಲೆಯೇ ಬಂತು. ಅದನ್ನು ಮುಗಿಸಿ ಮತ್ತೆ ಮೊದಲಿನಿಂದ ಓದಿದೆ. ಯಾಕೆ ಎಂದು ಹೇಳುತ್ತೇನೆ.

ಶನಿವಾರ ನಮ್ಮನ್ನೇ ಎರಡು ಪಾಲು ಮಾಡಿ ಆಡಿಸಿದರು. ನಮ್ಮ ಶಿಬಿರದ ಕ್ಯಾಪ್ಟನ್ ನನ್ನ ಕಡೆ, ಗೋಡೆ ಎದುರು ಕಡೆ. ಮೊದಲರ್ಧ ನಾನು ನಿಂತ ಕಡೆಯೇ ನಿಂತೆ. ಗೋಲು ಬಿಡಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಬಿಡುವಿನಲ್ಲಿ ಕೋಚ್ ಮೇಡಂ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು. ಮನೆಗೆ ಹೋಗುವ ಚೀಲ ಕಣ್ಣ ಮುಂದೆ ಬಂತು.

ಎರಡನೇ ಅರ್ಧದಲ್ಲಿ ಚೆಂಡು ನನ್ನ ಕಾಲಿಗೆ ಬಂತು. ಎದುರಿಗೆ ಎಡಗಡೆ ಪೂರ್ತಿ ಖಾಲಿ. ಹೋಗಬೇಕು ಅನ್ನಿಸಿತು. ಹೋದರೆ ಹಿಂದೆ ತೂತು. ಕ್ಯಾಪ್ಟನ್ ಹತ್ತಿರದಲ್ಲೇ ಇದ್ದರು, ನನಗಿಂತ ದೊಡ್ಡವರು, ಅವರೊಂದಿಗೆ ನಾನು ಸರಿಯಾಗಿ ಮಾತನ್ನೇ ಆಡಿರಲಿಲ್ಲ. ಹೆಸರು ಕೂಗಬಾರದು, ಕೆಲಸ ಕೂಗಬೇಕು ಎಂದು ನೀವು ಹೇಳಿದ್ದು ನೆನಪಾಯಿತು. "ಇಲ್ಲಿ ನಿಲ್ಲು! ನಾನು ಹೋಗ್ತೀನಿ!" ಎಂದೆ. ಎಂದೆ ಅಂದರೆ ಸಾಲದು, ಪಂಪಿನ ಮನೆಯ ಗಂಟಲು ಹೊರಗೆ ಬಂತು. ಆಟವಾಡುತ್ತಿದ್ದ ಇಬ್ಬರು ನಿಂತೇಬಿಟ್ಟರು. ಕ್ಯಾಪ್ಟನ್ ಬಾಯಿ ತೆರೆದು ನೋಡಿದರು, ಆದರೆ ನಾನು ಹೇಳಿದ ಜಾಗಕ್ಕೆ ಬಂದು ನಿಂತರು.

ಗೋಲಾಯಿತು ಎಂದು ಬರೆಯಲು ನನಗೂ ಆಸೆ. ಆಗಲಿಲ್ಲ. ನಾನು ಒದ್ದ ಚೆಂಡನ್ನು ಗೋಡೆ ಹೂವಿನ ಹಾಗೆ ಹಿಡಿದು, ನಾನು ಬಿಟ್ಟುಬಂದ ಜಾಗಕ್ಕೇ ಬೀಸಿ ಎಸೆದಳು. ಅಲ್ಲಿ ಕ್ಯಾಪ್ಟನ್ ಇದ್ದರು, ತಲೆಯಿಂದ ಆಚೆ ಹೊಡೆದರು. ಅಷ್ಟೇ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೋಚ್ ಮೇಡಂ ಮಾತ್ರ ಎದ್ದು ನಿಂತರು. ಆಮೇಲೆ ನಾನು ಕೂಗುತ್ತಲೇ ಇದ್ದೆ. ಒಮ್ಮೆ "ಬಿಡು" ಅನ್ನುವ ಕಡೆ "ಇಸ್ತ್ರಿ" ಅಂದುಬಿಟ್ಟೆ, ಯಾಕೋ ಗೊತ್ತಿಲ್ಲ.

ಸಂಜೆ ಊಟದ ಕೋಣೆಯಲ್ಲಿ ಮೇಡಂ ಹೆಸರು ಓದಿದರು. ನನ್ನ ಹೆಸರು ಬರುವಷ್ಟರಲ್ಲಿ ನಾನು ಬೆಂಚಿನ ಕೆಳಗೆ ನೋಡುತ್ತಿದ್ದೆ. ಗೋಡೆ ನನ್ನ ಬೆನ್ನಿಗೆ ಗುದ್ದಿದಳು, ಆಗ ಗೊತ್ತಾಯಿತು. ನಾನು ಇದ್ದೇನೆ ಅಕ್ಕ. ತಂಡದಲ್ಲಿ ಇದ್ದೇನೆ. ಗೋಡೆಯೂ ಇದ್ದಾಳೆ.

ನಿಮ್ಮ ಪತ್ರ ಬಂದ ಮರುದಿನ ಮೇಡಂ ಕರೆದು, "ಹೇಳಿ ಹೋಗಬೇಕು ಅಂತ ಯಾರೇ ಕಲಿಸಿದ್ದು ನಿನಗೆ?" ಎಂದು ಕೇಳಿದರು. ಕೂಗುವುದನ್ನು ನೀವು ಕಲಿಸಿದಿರಿ. ಹೇಳಿ ಹೋಗುವ ಮಾತು ಮೂರು ಅಕ್ಕನದು, ಅದು ಬರುವ ಮೊದಲೇ ನನ್ನ ಬಾಯಿಂದ ಬಂದಿತ್ತು. ಇದನ್ನೆಲ್ಲ ಹೇಗೆ ವಿವರಿಸುವುದು? "ಡಿಪೋದಲ್ಲಿ, ಮೇಡಂ" ಅಂದೆ. ಅವರು ಮುಂದೆ ಕೇಳಲಿಲ್ಲ.

ಟೂರ್ನಿಯ ಅಂಗಿಗಳು ಬೇರೆ. ಅವಕ್ಕೆ ಜಾಗ ನೋಡಿಯೇ ನಂಬರು. ನನಗೆ ಮೂರು ಬಂದಿದೆ. ವಾಡಿಕೆಯ ಪ್ರಕಾರ ಇನ್ನು ಮೂರು ಅಕ್ಕನಿಗೆ ಬರೆಯಬೇಕು. ಬರೆಯುತ್ತೇನೆ. ಆದರೆ ಎಂಟು ಅಕ್ಕ, ನಿಮ್ಮನ್ನು ಬಿಡುವುದಿಲ್ಲ. ಅಭ್ಯಾಸದ ಅಂಗಿಯನ್ನು ವಾಪಸ್ ಕೊಡಲು ಹೋದಾಗ ಅಂಗಿ ಅಜ್ಜ, "ಇಟ್ಕೋಮ್ಮಾ, ಆ ಭುಜ ಇನ್ಯಾರಿಗೆ ಆಗುತ್ತೆ" ಅಂದರು. ಇಟ್ಟುಕೊಂಡಿದ್ದೇನೆ.

ಅಮ್ಮನಿಗೆ ಫೋನಿನಲ್ಲಿ ಈ ಸಲ "ಹೂಂ" ಅನ್ನಲಿಲ್ಲ. ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅಮ್ಮ ಎಲ್ಲ ಕೇಳಿ, "ವಿಮಾನದಲ್ಲಿ ಕಿಟಕಿ ಹತ್ರ ಕೂರಬೇಡ, ತಲೆ ಸುತ್ತುತ್ತೆ. ಮತ್ತೆ, ಯಾಕೇ ಇಷ್ಟು ಜೋರಾಗಿ ಮಾತಾಡ್ತಿದೀಯ?" ಅಂದಳು.

ನಮ್ಮ ಪಂದ್ಯವನ್ನು ಟೀವಿಯಲ್ಲಿ ತೋರಿಸುತ್ತಾರಂತೆ. ಇಬ್ಬರೂ ಒಟ್ಟಿಗೆ ಕೂತು ನೋಡಿ. ಮೇಸ್ತ್ರಿಗೂ ನಿಮ್ಮ ಮಗನಿಗೂ ತೋರಿಸಿ.

ಇಲ್ಲಿ ಸ್ನಾನದ ಮನೆಗೆ ದಿನಾ ಸಾಲು. ಯಾರು ನನ್ನ ಮುಂದೆ ನುಗ್ಗಿದರೂ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಇವತ್ತು ಬೆಳಿಗ್ಗೆ ಕ್ಯಾಪ್ಟನ್ ಟವೆಲ್ ಹೆಗಲಿಗೆ ಹಾಕಿಕೊಂಡು ಮಾತಾಡುತ್ತಾ ನೇರ ಬಾಗಿಲಿಗೆ ಬಂದರು. "ನಿಲ್ಲಿ ಅಕ್ಕ, ಈಗ ನನ್ನ ಸರದಿ" ಅಂದೆ. ನಿಂತರು. ಬಿಸಿನೀರು ಇನ್ನೂ ಇತ್ತು.

ನಿಮ್ಮ ತಂಗಿ